ಹೊಸ್ತಿಲು ದಾಟಿದ ನಾಲ್ಕು ಗಿಟಾರು

ಚೀನಿ ಬಟ್ಟಲುಗಳನ್ನು ಪೆಟ್ಟಿಗೆಗೆ ತುಂಬುವುದರಲ್ಲಿ ಮುಂಬಯಿಯಲ್ಲಿ ನನ್ನನ್ನು ಮೀರಿಸಿದವನಿಲ್ಲ. ಮುಂಬಯಿ ಎಂದದ್ದು ವಿನಯಕ್ಕೆ. ಏಡನ್ ಬಂದರಿನವರೆಗೆ ಹುಡುಕಿದರೂ ಸಿಗಲಾರ. ಮಸ್ಜಿದ್ ಬಂದರಿನ ಗೋದಾಮಿನಲ್ಲಿ ಹದಿನೆಂಟು ವರ್ಷದಿಂದ ಇದೇ ಕೆಲಸ. ಈ ಬಸವಂತಪ್ಪ ಮೊಳೆ ಹೊಡೆದ ಪೆಟ್ಟಿಗೆಯನ್ನು ರಾಜಾಬಾಯಿ ಟವರಿನ ತುದಿಯಿಂದ ಎಸೆದರೆ ಕೆಳಗಿನ ರಸ್ತೆ ಬಿರುಕು ಬಿಡಬೇಕೇ ಹೊರತು ಒಳಗಿನ ಬಟ್ಟಲು ಬಿಡಬಾರದು. ಇದು ಗೋದಾಮಿನ ಪ್ರತಿಯೊಬ್ಬನಿಗೂ ಗೊತ್ತು, ಯಾಕೆಂದರೆ ಪ್ರತಿಯೊಬ್ಬನಿಗೂ ನಾನೇ ಹೇಳಿದ್ದೇನೆ.

ಅಂಥ ನಾನು ಕಟ್ಟಿ ಕಳಿಸಿದ ನಾಲ್ಕು ಗಿಟಾರುಗಳಲ್ಲಿ ಮೂರು, ತಲೆ ಮುರಿದುಕೊಂಡು ಬೆಂಗಳೂರು ಮುಟ್ಟಿವೆ ಎಂದು ಕಾಗದ ಬಂತು.

ಗಿಟಾರು ಮಾಡಿದವನು ನನ್ನ ತಮ್ಮ ಶೆಟ್ಟೆಪ್ಪ. ವಿಲೆ ಪಾರ್ಲೆಯ ಚಾಳಿನಲ್ಲಿ ನಮಗಿದ್ದದ್ದು ಎರಡು ಖೋಲಿ. ಒಂದರಲ್ಲಿ ಅಡುಗೆಯ ಒಲೆ, ನಮ್ಮವ್ವ ಅಂಬವ್ವ, ನನ್ನ ಹೆಂಡತಿ ಚಂದ್ರವ್ವ, ಮಗಳು ಶಾಮಲಾ ಮತ್ತು ನಾನು. ಇನ್ನೊಂದರಲ್ಲಿ ಶೆಟ್ಟೆಪ್ಪ, ಅವನ ಹೆಂಡತಿ ರಾಚವ್ವ ಮತ್ತು ಗಿಟಾರುಗಳು. ಶೆಟ್ಟೆಪ್ಪ ಮೊದಲು ಕುರ್ಚಿ ಕಪಾಟು ಮಾಡುತ್ತಿದ್ದ ಬಡಗಿ. ಮೇಲಿನ ಮಾಳಿಗೆಯಲ್ಲಿದ್ದ ದೂಜ, ಹೋಟೆಲೊಂದರಲ್ಲಿ ಗಿಟಾರು ಬಾರಿಸುವ ಮಂಗಳೂರಿನವನು. ಒಮ್ಮೆ ತನ್ನ ಒಡೆದ ಗಿಟಾರನ್ನು ತಂದು ರಿಪೇರಿಗೆ ಕೊಟ್ಟ. ಶೆಟ್ಟೆಪ್ಪ ರಿಪೇರಿಯನ್ನೂ ಮಾಡಿದ, ಅಳತೆ ತೆಗೆದಿಟ್ಟುಕೊಂಡು ಅಂಥದ್ದೇ ಇನ್ನೊಂದನ್ನೂ ಮಾಡಿದ. ಅದರ ನಾದ ಕೇಳಲು ಪಾರ್ಲೆ ಸ್ಟೇಷನ್ನಿನಲ್ಲಿ ಲೋಕಲ್ ಎರಡು ನಿಮಿಷ ಹೆಚ್ಚಿಗೆ ನಿಂತಿತ್ತು. ಐವತ್ನಾಲ್ಕರ ದಸರೆಯ ಹೊತ್ತಿಗೆ ಬೆಂಗಳೂರಿನ ದಂಡು ಪ್ರದೇಶದಲ್ಲಿ ವಾದ್ಯದ ಅಂಗಡಿ ಇಟ್ಟಿದ್ದ ಜಯಸಿಂಹ ಎಂಬವರು, ದೂಜನ ಮಾತಿನ ಮೇಲೆ, ನಾಲ್ಕು ಗಿಟಾರು ಕಳಿಸಿರೆಂದು ಬರೆದರು. ಕಳಿಸಿದೆವು. ಅದಕ್ಕೆ ಬಂದ ಉತ್ತರವೇ ಈ ಕಾಗದ.

ಶಾಮಲಾ ಅದನ್ನು ಓದಿದಾಗ ನಾವು ಊಟಕ್ಕೆ ಕೂತಿದ್ದೆವು. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಶೆಟ್ಟೆಪ್ಪನ ಕೈ ರೊಟ್ಟಿಯ ಮೇಲೇ ನಿಂತಿತು.

"ರೈಲಿನವರು ಒಗದಾರ," ಎಂದೆ. "ಪುಣೆದಾಗ ದೊಡ್ಡ ಗಾಡಿಯಿಂದ ಸಣ್ಣ ಗಾಡಿಗೆ ಮಾಲು ಬದಲಿಸತಾರಲ್ಲ, ಅಲ್ಲೇ ಚೆಂಡು ಒಗದಂಗ ಒಗದಿರಬೇಕು. ನಾ ತುಂಬಿದ ಹುಲ್ಲಿನಾಗ ಸೂಜಿ ತೂರಸಾಕ ಜಾಗಾ ಇರಲಿಲ್ಲ."

"ಪೆಟಗಿಗೆ ಏನಾಗೇತಂತ?" ಎಂದು ಚಂದ್ರವ್ವ ಕೇಳಿದಳು.

ಶಾಮಲಾ ಮತ್ತೆ ಕಾಗದ ನೋಡಿದಳು. "ಪೆಟ್ಟಿಗೆಗೆ ಕುಛ್ ನಹೀ ಹುವಾ. ಒಂದು ಮೊಳೆನೂ ಸಡಿಲಾಗಿಲ್ಲ ಅಂತ ಬರದಾರ."

"ಮೊಳಿ ಹೊಡದಾಂವ ಯಾರು ಮತ್ತ!" ಎಂದೆ.

ಚಂದ್ರವ್ವ ಚಟ್ನಿಯ ಬಟ್ಟಲನ್ನು ನನ್ನಿಂದ ದೂರ ಸರಿಸಿದಳು.

ಸಂಜೆ ದೂಜ ಕೆಳಗಿಳಿದು ಬಂದ. ಸುದ್ದಿ ಕೇಳಿದವನೇ, "ತಂತಿ ಬಿಗಿ ಇಟ್ಟೇ ಕಳಿಸಿದ್ದಾ? ನಾನು ಹೇಳಿದ್ದೆ ಅಲ್ಲವಾ ಮಾರಾಯ, ತಂತಿ ಸುತ್ತಿದ ಕಿವಿ ತಿರುಗಿಸಿ ಸಡಿಲ ಮಾಡಬೇಕು ಅಂತ," ಎಂದ.

"ಸಡಿಲ ಮಾಡಿದ್ದು ನಮ್ಮ ಮನೀ ಹೊಸ್ತಲಾ ದಾಟೂದಿಲ್ಲ," ಎಂದಳು ಒಳಗಿನಿಂದ ನಮ್ಮವ್ವ. "ಆ ಮಾತ ಎತ್ತಬ್ಯಾಡ."

ಇದಕ್ಕೆ ಕಾರಣ ನಮ್ಮಪ್ಪ. ಅವನು ಬೆಳಗಾವಿ ಕಡೆಯ ನಮ್ಮ ಊರಿನ ಭಜನೆಯಲ್ಲಿ ತಂಬೂರಿ ಹಿಡಿಯುತ್ತಿದ್ದವನು. ಸತ್ತ ದಿನ ಅವನ ತಂಬೂರಿಯ ತಂತಿಗಳನ್ನು ಸಡಿಲಿಸಿ, ಅದನ್ನೇ ಮುಂದೆ ಹಿಡಿದುಕೊಂಡು ಹೆಣ ಎತ್ತಿದರು. ಅಂದಿನಿಂದ ಸಡಿಲ ತಂತಿಯ ವಾದ್ಯ ಬಾಗಿಲು ದಾಟುವುದೆಂದರೆ ನಮ್ಮವ್ವನಿಗೆ ಮನೆಯಿಂದ ಹೆಣ ಹೊರಟಂತೆ. ಆದ್ದರಿಂದ ಶೆಟ್ಟೆಪ್ಪನ ಪ್ರತಿ ಗಿಟಾರೂ ಶ್ರುತಿಯಾಗಿಯೇ ಹೊರಡಬೇಕು. ಅವ್ವ ಅದರ ಹಣೆಗೆ ವಿಭೂತಿ ಹಚ್ಚುವಳು, ಆರೂ ತಂತಿ ಮೀಟಿಸಿ ಕೇಳುವಳು, "ಹೂಂ, ನಡೀಲಿ," ಅನ್ನುವಳು. ಆಮೇಲೆ ನಾನು ಒಳಗೇ ಪೆಟ್ಟಿಗೆಗೆ ತುಂಬಿ ಮೊಳೆ ಹೊಡೆಯುವೆ.

"ತಂತಿಗೂ ತಲಿಗೂ ಏನ ಸಂಬಂಧ?" ಎಂದು ನಾನೂ ದೂಜನಿಗೆ ಹೇಳಿದೆ. "ನೀ ಬಾರಸಾಂವ. ಪ್ಯಾಕಿಂಗ್ ನನಗ ಬಿಡು."

ಬಿಟ್ಟ. ಎರಡನೆಯ ಪೆಟ್ಟಿಗೆಗೆ ನಾನು ಒಂದು ಎಮ್ಮೆ ವರ್ಷವಿಡೀ ತಿನ್ನುವಷ್ಟು ಹುಲ್ಲು ತುಂಬಿದೆ. ಕೂತು ಅದುಮಿದೆ, ನಿಂತು ಅದುಮಿದೆ. ಮೂರು ವಾರದ ಮೇಲೆ ಉತ್ತರ ಬಂತು. ನಾಲ್ಕಕ್ಕೆ ನಾಲ್ಕೂ ಮುರಿದಿದ್ದವು. ಜಯಸಿಂಹ ಒಳ್ಳೆಯ ಮನುಷ್ಯ. "ನಿಮ್ಮ ಗಿಟಾರಿನ ಧ್ವನಿ ನನಗೆ ಮೆಚ್ಚಿಗೆಯಾಗಿದೆ, ಇನ್ನೊಂದು ಸಲ ನೋಡೋಣ, ಅದೇ ಕೊನೆ," ಎಂದು ಬರೆದಿದ್ದರು.

ಅದೇ ವಾರ ರಾಚವ್ವನ ಅಣ್ಣ ಕಾಂತಪ್ಪ ವಿಕ್ರೋಳಿಯಿಂದ ಬಂದ. ಅಲ್ಲಿಯ ದೊಡ್ಡ ಫ್ಯಾಕ್ಟರಿಯೊಂದರಲ್ಲಿ ಅವನಿಗೆ ಕೆಲಸ. ಬಡಗಿ ಖಾತೆಯಲ್ಲಿ ಶೆಟ್ಟೆಪ್ಪನಿಗೊಂದು ಜಾಗ ಗೊತ್ತುಮಾಡಿ, ನೇಮಕದ ಕಾಗದವನ್ನೇ ಕೈಯಲ್ಲಿ ಹಿಡಿದು ತಂದಿದ್ದ. ಜನವರಿ ಒಂದಕ್ಕೆ ಹಾಜರಾಗಬೇಕು, ಗೇಟಿನಲ್ಲಿ ಈ ಕಾಗದ ತೋರಿಸಬೇಕು, ಇರಲು ಕ್ವಾರ್ಟರ್ಸ್ ಕೊಡುತ್ತಾರೆ.

"ಕ್ವಾರ್ಟರ್ಸಿನಾಗ ನಳ ಒಳಗ ಐತಿ," ಎಂದ ಕಾಂತಪ್ಪ.

ರಾಚವ್ವ ಆ ಕಾಗದವನ್ನು ಎರಡು ಕೈಯಲ್ಲಿ ತೆಗೆದುಕೊಂಡು ಜೋಳದ ಡಬ್ಬಿಯ ಕೆಳಗೆ ಇಟ್ಟಳು. ನಮ್ಮ ಚಾಳಿನಲ್ಲಿ ಇಪ್ಪತ್ತು ಮನೆಗೆ ಒಂದೇ ನಳ. ಅದು ಕೂಡ ಬೆಳಿಗ್ಗೆ ಬಂದು, ಮನಸ್ಸು ಬದಲಿಸಿ ಹೋಗಿಬಿಡುವಂಥದ್ದು. ಮನೆಯ ಆರು ಜನರ ನೀರನ್ನು ರಾಚವ್ವನೇ ಹೊರುತ್ತಿದ್ದಳು.

ಮರುದಿನ ಅವಳು ಕೊಡ ಇಳಿಸಿದ ಸಪ್ಪಳಕ್ಕೆ ಚಂದ್ರವ್ವನ ತಲೆ ಕೆಟ್ಟಿತು. "ಕೊಡಾ ಕುಕ್ಕಬ್ಯಾಡ. ಹೋಗಾಕಿ ಇದ್ದರ ಹೋಗು, ತಳಾ ಯಾಕ ಒಡೀತಿ?"

"ಹೋಗತೇನಿ ಅಂತ ಯಾರಂದಾರಕ್ಕಾ? ನಿಮ್ಮ ಮೈದುನ ಅನ್ನವಲ್ರು, ನಾ ಏನ ಅನ್ನಲಿ?"

"ನಾ ಅಂತೇನಿ," ಎಂದ ಶೆಟ್ಟೆಪ್ಪ. ಎಲ್ಲರೂ ತಿರುಗಿ ನೋಡಿದರು. "ಮೂರನೇ ಪೆಟಗಿ ಕಳಸೋಣು. ಇದೂ ಮುರೀತಂದ್ರ ಉಳಿ, ಕೊಡತಿ ಕಟ್ಟಿ ಇಡತೇನಿ. ಒಂದನೇ ತಾರೀಖಿಗೆ ವಿಕ್ರೋಳಿ. ಆಮ್ಯಾಲ ಗಿಟಾರ ಅಂತ ನನ್ನ ಮುಂದ ಯಾರೂ ಅನಬಾರದು."

ಅವ್ವ ಅಕ್ಕಿಯಲ್ಲಿನ ಕಲ್ಲು ಆರಿಸುತ್ತಿದ್ದವಳು ಮೊರವನ್ನು ಕೆಳಗಿಟ್ಟಳು. "ಎರಡ ಮನೀ ಆಗತಾವ ಅನ್ನು."

"ಆಗತಾವ."

"ಆಗಗೊಡೂದಿಲ್ಲ!" ಎಂದು ನಾನು ಎದ್ದು ನಿಂತೆ. "ಪೆಟಗಿ ಕೂಡ ನಾನ ಪುಣೇತನಕ ಹೋಗತೇನಿ. ಒಗಿಯೂ ಮಗನ ಕೈ ಗಾಳ್ಯಾಗ ಇರೂವಾಗನ ಹಿಡಿತೇನಿ."

ಹೋದೆ. ಡಿಸೆಂಬರಿನ ಮೊದಲ ವಾರ, ಹಗಲು ಗಾಡಿ. ಪೆಟ್ಟಿಗೆ ಲಗೇಜಿನ ಡಬ್ಬಿಯಲ್ಲಿ, ನಾನು ಮೂರನೇ ದರ್ಜೆಯಲ್ಲಿ, ತೊಡೆಯ ಮೇಲೆ ಚಂದ್ರವ್ವ ಕಟ್ಟಿದ ಬುತ್ತಿ. ಪುಣೆಯಲ್ಲಿ ಇಳಿದು ಎಣ್ಣೆ ಡಬ್ಬಿಗಳ ರಾಶಿಯ ಹಿಂದೆ ಹುಲಿಯ ಹಾಗೆ ಅಡಗಿ ಕೂತೆ. ಇಬ್ಬರು ಹಮಾಲರು ನಮ್ಮ ಪೆಟ್ಟಿಗೆಯನ್ನು ಎತ್ತಿ ತಂದರು. ಎತ್ತಿದಾಗ ಒಳಗಿನ ಇಪ್ಪತ್ನಾಲ್ಕು ಬಿಗಿ ತಂತಿಗಳು ಗುಂಯ್ ಎಂದವು. ಹಿರಿಯ ಹಮಾಲ ಪೆಟ್ಟಿಗೆಗೆ ಕಿವಿ ಕೊಟ್ಟು, "ಹಳೂ ರೇ, ಹಳೂ. ಆತ್ ಗಾಣಂ ಆಹೆ," ಎಂದ. ಮೆಲ್ಲಗೆ, ಒಳಗೆ ಹಾಡು ಇದೆ ಎಂದು. ಇಬ್ಬರೂ ಅದನ್ನು ತೊಟ್ಟಿಲಿಗೆ ಕೂಸು ಹಾಕುವ ಹಾಗೆ ಇಳಿಸಿದರು. ಕೊನೆಯಲ್ಲಿ ಕಿರಿಯವನ ಬೆರಳು ಜಾರಿ ಒಂದು ಗೇಣಿನಷ್ಟು ಎತ್ತರದಿಂದ ಧಪ್ಪೆಂದಿತು, ಅಷ್ಟೇ. ಗೋದಾಮಿನಲ್ಲಿ ನಾನೇ ದಿನಕ್ಕೆ ನೂರು ಸಲ ಅದಕ್ಕಿಂತ ಜೋರಾಗಿ ಇಳಿಸುತ್ತೇನೆ.

ಪೆಟ್ಟಿಗೆಯೊಳಗಿಂದ ಕಟ್ ಎಂದಿತು. ಆಮೇಲೆ ತಂತಿಗಳೆಲ್ಲ ಒಟ್ಟಿಗೆ ನೆಲಕ್ಕೆ ಬಿದ್ದ ಹಾಗೆ ಒಂದು ಸಪ್ಪಳ.

ನನ್ನ ಬಾಯಲ್ಲಿ ರೊಟ್ಟಿಯ ತುಂಡಿತ್ತು. ಅದನ್ನು ನುಂಗಲು ಪುಣೆ ಸ್ಟೇಷನ್ನಿನ ನೀರೆಲ್ಲ ಬೇಕಾಯಿತು.

ಪೆಟ್ಟಿಗೆಯನ್ನು ಮುಂದೆ ಹೋಗಗೊಡಲಿಲ್ಲ. ಪಾರ್ಸೆಲ್ ಬಾಬುವಿನೊಡನೆ ಏಳು ಭಾಷೆಗಳಲ್ಲಿ ವಾದಿಸಿ ಬಿಡಿಸಿಕೊಂಡು, ಮರುದಿನ ಮಧ್ಯಾಹ್ನ ಮನೆಗೆ ತಂದೆ. ಎಲ್ಲರೂ ಸುತ್ತ ನಿಂತರು. ಮುಚ್ಚಳ ತೆಗೆದೆ. ಮೂರು ನೆಟ್ಟಗಿದ್ದವು. ಒಂದರ ತಲೆ ಕುತ್ತಿಗೆಯಿಂದ ಬೇರೆಯಾಗಿ ತಂತಿಗಳಲ್ಲಿ ಜೋತಾಡುತ್ತಿತ್ತು.

"ಎಷ್ಟ ಮಂದಿ ಒಗದರು?" ಎಂದ ಶೆಟ್ಟೆಪ್ಪ.

ದಾರಿಯುದ್ದಕ್ಕೂ ಒಂದು ಚೆಂದದ ಕಥೆಯನ್ನು ಜೋಡಿಸಿಕೊಂಡಿದ್ದೆ. ಅದರಲ್ಲಿ ಹನ್ನೆರಡು ಜನ ಹಮಾಲರಿದ್ದರು, ನಾನು ಎಂಟು ಜನರನ್ನು ಕೆಡವಿದ್ದೆ. ಆದರೆ ತಮ್ಮನ ಮುಖ ನೋಡಿ ಬಾಯಿಗೆ ಬಂದದ್ದು ಬೇರೆ.

"ಯಾರೂ ಒಗೀಲಿಲ್ಲೋ. ಹಗೂರಕ ಇಟ್ಟರು. ಗೇಣ ಎತ್ತರ ಜಾರಿತು, ತಾನ ಮುರೀತು. ನಾ ಕೇಳಿದೆ. ತಂತಿ ಎಳದ ಹಿಡದಿದ್ದವು, ಅದಕ್ಕ ಮುರೀತು. ತಪ್ಪು ನಂದು."

ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಚಂದ್ರವ್ವ ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು.

"ದೂಜ ಇಂವಗ ಕಲಿಸಿ ಕಳಿಸ್ಯಾನ," ಎಂದಳು ಅವ್ವ. "ಬಸವಂತ ಹಿಂಗ ಅಂದಾನಂದ್ರ ಖರೇ ಬ್ಯಾರೇನ ಐತಿ."

"ಅವ್ವಾ, ನಿನ್ನ ಮ್ಯಾಲ ಆಣಿ!"

"ನನ್ನ ಮ್ಯಾಲ ಎಷ್ಟ ಆಣಿ ಹಾಕಿದ್ದೀಯೋ, ನಾ ಇನ್ನೂ ಹೆಂಗ ಬದಕೇನಿ ಅನ್ನೂದ ನನಗ ತಿಳೀವಲ್ದು."

ಹದಿನೆಂಟು ವರ್ಷ ನಾನು ಹೇಳಿದ್ದನ್ನೆಲ್ಲ ಕೇಳಿದ ಮನೆ, ಒಂದು ದಿನ ಸತ್ಯ ಹೇಳಿದರೆ ನಂಬಲಿಲ್ಲ. ಕೊನೆಗೆ ಅಜ್ಜಿಯ ಕಡೆ ತಿರುಗಿ ಬಾಯಿ ಬಿಟ್ಟವಳು ಶಾಮಲಾ.

"ಆಯಿ, ಸುನೋ ನಾ. ಈ ಕಹಾನಿಯಲ್ಲಿ ಅಪ್ಪ ಎಲ್ಲೂ ಗೆಲ್ಲೂದಿಲ್ಲ. ಝೂಟ್ ಆಗಿದ್ರ ಗೆದ್ದಿರ್ತಿದ್ರು."

ಶೆಟ್ಟೆಪ್ಪ ಶಾಮಲಾಳ ಮುಖ ನೋಡಿದ, ನನ್ನ ಮುಖ ನೋಡಿದ. ನಂತರ ಉಳಿದ ಮೂರರಲ್ಲಿ ಎರಡನ್ನು ಎತ್ತಿಕೊಂಡ. ಒಂದರ ಕಿವಿ ತಿರುಗಿಸಿ ತಂತಿಗಳನ್ನು ಸಡಿಲಿಸಿದ. ಇನ್ನೊಂದನ್ನು ಬಿಗಿಯಾಗಿಯೇ ಬಿಟ್ಟ. ಎರಡನ್ನೂ ಒಂದೊಂದು ಪೆಟ್ಟಿಗೆಯಲ್ಲಿಟ್ಟು ಒಂದೇ ಸಮ ಹುಲ್ಲು ತುಂಬಿದ.

"ಶೆಟ್ಟ್ಯಾ, ಎಷ್ಟ ದಿನದ ಕೆಲಸ ಅದು," ಎಂದೆ. "ನಾ ಸುಳ್ಳ ಹೇಳಿದ್ದರ?"

"ಹೇಳೀಯೇನು?"

"ಇಲ್ಲ."

"ಮತ್ಯಾಕ ಹೆದರತಿ?"

ಬಿಗಿಯಿದ್ದದ್ದನ್ನು ಗೇಣೆತ್ತರ ಎತ್ತಿ ಕೈ ಬಿಟ್ಟ. ಕಟ್. ಅವ್ವ ಎರಡು ಕೈಯಿಂದ ಕಿವಿ ಮುಚ್ಚಿಕೊಂಡಳು. ಸಡಿಲ ಇದ್ದದ್ದನ್ನೂ ಅಷ್ಟೇ ಎತ್ತರದಿಂದ ಬಿಟ್ಟ. ಧಪ್ಪೆಂದಿತು, ಅಷ್ಟೇ. ಮುಚ್ಚಳ ತೆಗೆದರೆ ಗಿಟಾರು ನೆಟ್ಟಗಿತ್ತು. ಆದರೆ ಪೆಟ್ಟಿಗೆ ಅಲುಗಿಸಿದಾಗ ಅದರ ತಲೆ ಮಾತ್ರ ಅತ್ತಿತ್ತ ತೂಗುತ್ತಿತ್ತು.

ಚಂದ್ರವ್ವ ಬಗ್ಗಿ ನೋಡಿದಳು. "ಹೊಟ್ಟೀ ಸುತ್ತ ಹಾಸಿಗಿ ಹಾಸೀರಿ, ತಲಿ ಗಾಳ್ಯಾಗ ಬಿಟ್ಟೀರಿ. ಬಟ್ಟಲಕ್ಕ ಕುತಗಿ ಇರತೈತೇನ್ರೀ?"

ಹದಿನೆಂಟು ವರ್ಷದ ನನ್ನ ವಿದ್ಯೆಯನ್ನು ಇಷ್ಟು ಚಿಕ್ಕ ಮಾತಿನಲ್ಲಿ ಯಾರೂ ಕೆಡವಿರಲಿಲ್ಲ. ಬಟ್ಟಲಿಗೆ ಕುತ್ತಿಗೆ ಇರುವುದಿಲ್ಲ. ನಾನು ಗಿಟಾರುಗಳನ್ನು ದೊಡ್ಡ ಬಟ್ಟಲುಗಳೆಂದು ತಿಳಿದು ತುಂಬಿದ್ದೆ.

ರಾಚವ್ವ ಮಾತಾಡದೆ ಒಳಗೆ ಹೋಗಿ, ನೀರು ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬಿಯನ್ನು ತಂದಳು. ಅದನ್ನು ಗಿಟಾರಿನ ಕುತ್ತಿಗೆಯ ಕೆಳಗೆ, ತಲೆ ಶುರುವಾಗುವಲ್ಲಿ ಇಟ್ಟಳು. ಸುರುಳಿಯ ನಡುವಿನ ತಗ್ಗಿನಲ್ಲಿ ಕುತ್ತಿಗೆ ಕೂತಿತು. ಮೇಲೊಂದು ಇಟ್ಟು ಅಲುಗಿಸಿದೆವು. ತಲೆ ತೂಗಲಿಲ್ಲ.

"ಗಿಟಾರಕ್ಕ ಎರಡು ಬೇಕ್ರೀ ಭಾವಾರ," ಎಂದಳು ನನಗೆ. "ಒಂದ ಕೆಳಗ, ಒಂದ ಮ್ಯಾಲ."

ಇನ್ನು ಉಳಿದದ್ದು ಅವ್ವ. ಅವಳು ಮುರಿದ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆ ದಿನ ಊಟ ಮಾಡಲಿಲ್ಲ. ಮರುದಿನ ಮೆಂತೆ ಸೊಪ್ಪು ಬಿಡಿಸುತ್ತ, ಯಾರನ್ನೂ ನೋಡದೆ ಕೇಳಿದಳು: "ಈ ಹೊಸ್ತಲಾ ದಾಟಿದ ಮ್ಯಾಲ ಬಾಗಲ ಮುಂದಿನ ಆ ಗ್ಯಾಲರಿ ಯಾರದು?"

"ಚಾಳಿನದು," ಎಂದ ಶೆಟ್ಟೆಪ್ಪ.

"ಹೌದಲ್ಲ. ಮನೀ ಒಳಗಿಂದ ಹಾಡಕೋತ ಹೊರಗ ಹೋಗಲಿ. ಗ್ಯಾಲರ್ಯಾಗ ಏನ ಮಾಡತೀರೋ ಮಾಡ್ರಿ, ನಾ ನೋಡೂದಿಲ್ಲ. ಆದರ ಅಲ್ಲಿ ಆ ಬೆಂಗಳೂರಾಂವನೂ ತನ್ನ ಬಾಗಲದ ಹೊರಗ ಶ್ರುತಿ ಮಾಡಿ ಒಳಗ ಒಯ್ಯಬೇಕು. ಶಾಮಲಾ, ಚೀಟಿ ಬರದ ಇಡು. ನಿಮ್ಮಪ್ಪ ಬರೀಬಾರದು."

ಶೆಟ್ಟೆಪ್ಪ ಎರಡು ವಾರ ತಲೆಯೆತ್ತದೆ ದುಡಿದ. ಮುರಿದ ಎರಡಕ್ಕೂ ಹೊಸ ಕುತ್ತಿಗೆ ಕೂಡಿಸಿದ. ಅಂಟು ಒಣಗುವ ತನಕ ಮನೆಯಲ್ಲಿ ಯಾರೂ ಸೀನದಂತೆ ನೋಡಿಕೊಂಡೆ. ಚಂದ್ರವ್ವನೂ ರಾಚವ್ವನೂ ಹಳೆಯ ಸೀರೆ ಹರಿದು, ನಡುವೆ ಹಳೆಯ ಕಾಗದ ತುಂಬಿ, ಎಂಟು ಸಿಂಬಿ ಸುತ್ತಿದರು. ಕೊಡ ಕುಕ್ಕಿದ ಜಗಳ ಆ ಸಿಂಬಿಗಳ ನಡುವೆ ಎಲ್ಲೋ ಕಳೆದುಹೋಯಿತು.

ಡಿಸೆಂಬರ್ ಇಪ್ಪತ್ತೊಂದರ ಬೆಳಿಗ್ಗೆ ನಾಲ್ಕು ಗಿಟಾರು ಒಂದರ ಹಿಂದೆ ಒಂದು ವಿಭೂತಿ ಹಚ್ಚಿಕೊಂಡು ಹೊಸ್ತಿಲು ದಾಟಿದವು. ದಾಟುವಾಗ ದೂಜ ಒಂದೊಂದನ್ನೂ ಬಾರಿಸಿದ. ಅವ್ವ "ಹೂಂ, ನಡೀಲಿ," ಎಂದು ಬೆನ್ನು ತಿರುಗಿಸಿ ಒಲೆಯ ಕಡೆ ಹೋದಳು. ಗ್ಯಾಲರಿಯಲ್ಲಿ ಇಪ್ಪತ್ತು ಮನೆಯವರ ದಾರಿ ಕಟ್ಟಿ, ಕಿವಿ ತಿರುಗಿಸಿ, ಸಿಂಬಿ ಇಟ್ಟು, ಹುಲ್ಲು ತುಂಬಿ ಮೊಳೆ ಹೊಡೆದೆವು. ಬಕೀಟು ಹಿಡಿದು ನಿಂತ ಮಂದಿ ನಮ್ಮ ವಂಶವನ್ನು ಮೂರು ಭಾಷೆಗಳಲ್ಲಿ ಬೈದರು.

ಮೂವತ್ತೊಂದು ಬಂತು. ಬೆಂಗಳೂರಿನಿಂದ ಒಂದು ಅಕ್ಷರವಿಲ್ಲ.

"ಆತು," ಎಂದ ಶೆಟ್ಟೆಪ್ಪ. "ಮುರದಿರಬೇಕು, ಅದಕ್ಕ ಬರದಿಲ್ಲ. ರಾಚೂ, ಆ ಕಾಗದ ಕೊಡು. ನಾಳೆ ಗೇಟಿನಾಗ ತೋರಸಬೇಕು."

ಜೋಳದ ಡಬ್ಬಿಯ ಕೆಳಗೆ ಕಾಗದ ಇರಲಿಲ್ಲ. ಡಬ್ಬಿಯ ಒಳಗೂ ಇರಲಿಲ್ಲ. ಹಾಸಿಗೆ ಕೊಡವಿದೆವು, ಟ್ರಂಕು ಬರಿದು ಮಾಡಿದೆವು. ಶಾಮಲಾಳ ಪಾಟಿಚೀಲವನ್ನೂ ಬಿಡಲಿಲ್ಲ.

"ನೀನ ಇಟ್ಟಿದ್ದೆಲ್ಲ," ಎಂದ ಶೆಟ್ಟೆಪ್ಪ ಹೆಂಡತಿಗೆ.

ರಾಚವ್ವ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವ ಲಯ ತಪ್ಪಲಿಲ್ಲ. "ಭಾವಾರ ಎಲ್ಲೆರ ಪ್ಯಾಕ್ ಮಾಡಿದರೇನೋ. ಕೈಗೆ ಸಿಕ್ಕದ್ದನ್ನೆಲ್ಲ ಪ್ಯಾಕ್ ಮಾಡತಾರ."

ಎಲ್ಲರೂ ನನ್ನನ್ನು ನೋಡಿದರು. ನಾನಲ್ಲ ಎಂದು ಹತ್ತು ಸಲ ಹೇಳಿದೆ. ಯಾರು ನಂಬಬೇಕು? ಶೆಟ್ಟೆಪ್ಪ ಎರಡು ದಿನ ನನ್ನೊಡನೆ ಮಾತು ಬಿಟ್ಟ. ಮೂರನೆಯ ದಿನ, ವಿಕ್ರೋಳಿಗೆ ಹೋಗಿ ಕಾಂತಪ್ಪನ ಮೂಲಕ ಕಾಗದದ ನಕಲು ಕೇಳುವೆನೆಂದು ಅಂಗಿ ತೊಟ್ಟು ನಿಂತ. ಅವನು ಚಪ್ಪಲಿ ಮೆಟ್ಟುವಷ್ಟರಲ್ಲಿ ಅಂಚೆಯವನು ಬಂದ.

ಕಾರ್ಡನ್ನು ನಾನೇ ಕಸಿದುಕೊಂಡೆ. "ನಾಲ್ಕೂ ಸುಖವಾಗಿ ಮುಟ್ಟಿವೆ! ಇನ್ನೂ ನೂರು ಗಿಟಾರು ಕಳಿಸಬೇಕಂತ!"

"ಅದನ್ನ ಶಾಮಲಾನ ಕೈಯಾಗ ಕೊಡು," ಎಂದಳು ಅವ್ವ.

ಶಾಮಲಾ ಓದಿದಳು. "ನಾಲ್ಕೂ ಗಿಟಾರುಗಳು ಒಂದು ಗೀರೂ ಇಲ್ಲದೆ ಬಂದು ಸೇರಿದವು. ಹಿರಿಯರ ಅಪ್ಪಣೆಯಂತೆ ಅಂಗಡಿಯ ಮೆಟ್ಟಿಲ ಮೇಲೇ ಶ್ರುತಿ ಮಾಡಿ ಒಳಗೆ ಒಯ್ದೆವು. ಮೆಟ್ಟಿಲ ಮೇಲೇ ಜನ ಸೇರಿ ಎರಡು ಅಲ್ಲಿಯೇ ಮಾರಿಹೋದವು. ಇನ್ನು ಎಂಟು ಬೇಕು." ತಲೆಯೆತ್ತಿ ನನ್ನನ್ನು ನೋಡಿದಳು. "ಎಂಟು, ಅಪ್ಪಾ."

ಶೆಟ್ಟೆಪ್ಪ ಚಪ್ಪಲಿಯಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟ. ಅವ್ವ ಕಣ್ಣು ಒರೆಸಿಕೊಂಡು, ಹೊಗೆಯೆಂದು ಒಲೆಯನ್ನು ಬೈದಳು. ಒಲೆ ಹೊತ್ತಿಸಿರಲಿಲ್ಲ.

"ಇನ್ನೂ ಐತಿ," ಎಂದಳು ಶಾಮಲಾ. "ಕೆಳಗೆ ಸಣ್ಣಕ್ಷರದಲ್ಲಿ ಬರದಾರ. 'ಒಂದು ಸಿಂಬಿಯನ್ನು ಬಿಚ್ಚಿದಾಗ ಒಳಗೆ ವಿಕ್ರೋಳಿಯ ಫ್ಯಾಕ್ಟರಿಯೊಂದರ ನೇಮಕಾತಿ ಪತ್ರ ಸಿಕ್ಕಿತು. ಕಣ್ತಪ್ಪಿನಿಂದ ಸೇರಿರಬಹುದು. ಬೇಕಿದ್ದಲ್ಲಿ ತಿಳಿಸಿರಿ, ಮರುಟಪಾಲಿಗೆ ಕಳಿಸಿಕೊಡುವೆ.'"

ಎಲ್ಲರೂ ರಾಚವ್ವನನ್ನು ನೋಡಿದರು. ಅವಳು ಖಾಲಿ ಕೊಡವನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.

"ತುಂಬಾಕ ಕಾಗದ ಕಡಿಮಿ ಬಿದ್ದಿತ್ತು," ಎಂದಳು.

"ಮತ್ತ ನಳ?" ಎಂದ ಶೆಟ್ಟೆಪ್ಪ. "ಒಳಗಿನ ನಳ ಬೇಕಂದಿದ್ದೆಲ್ಲ?"

"ಬೇಕಾಗಿತ್ತು." ರಾಚವ್ವ ಆ ಕೊಡವನ್ನು ತಂದು ನನ್ನ ಮುಂದೆ ಇಟ್ಟಳು. ಅದರ ಮೇಲೊಂದು ಸಿಂಬಿಯನ್ನೂ ಇಟ್ಟಳು. "ಇನ್ನ ಮ್ಯಾಲ ನೀರಿನ ಪಾಳಿ ಭಾವಾರದು. ಅವರು ಹೊತ್ತದ್ದು ಒಂದ ಹನಿ ಚೆಲ್ಲೂದಿಲ್ಲಂತ, ಅವರ ಹೇಳಿದ್ದು ಕೇಳೇನಿ."

ಹೇಳಿದ್ದೆ, ಸುಳ್ಳಲ್ಲ. ಅಂದಿನಿಂದ ಬೆಳಗಾದರೆ ನಳದ ಸಾಲಿನಲ್ಲಿ ಹತ್ತೊಂಬತ್ತು ಹೆಂಗಸರ ನಡುವೆ ನಾನೊಬ್ಬನೇ ಗಂಡಸು, ತಲೆಯ ಮೇಲೆ ಸಿಂಬಿ, ಅದರ ಮೇಲೆ ಕೊಡ. ಇಡೀ ಮುಂಬಯಿಯಲ್ಲಿ ನನ್ನಷ್ಟು ನೆಟ್ಟಗೆ ನೀರು ಹೊರುವವನಿಲ್ಲ. ಇವತ್ತಿನವರೆಗೆ ಒಂದು ಹನಿ ಚೆಲ್ಲಿಲ್ಲ. ಮೆಟ್ಟಿಲು ಯಾಕೆ ಒದ್ದೆಯಿದೆ ಎಂದು ಚಂದ್ರವ್ವನನ್ನು ಮಾತ್ರ ಕೇಳಬೇಡಿ.